ಅಕ್ಷರದ ಫೊನ್ಸಿ ಮತ್ತು ಊರಿಗೆಲ್ಲ ಬಂದ ನೋಟೀಸು

ನನಗೆ ವೆಬ್‌ಸೈಟ್ ಇಲ್ಲ. ಸಿಗರೇಟು, ಪತ್ರಿಕೆ, ಲಾಟರಿ ಚೀಟಿ ಮಾರುವ ಅಂಗಡಿಗೆ ಅದು ಬೇಕಾಗಿಯೂ ಇಲ್ಲ. ಸಿಗರೇಟಿಲ್ಲದೆ ಚಡಪಡಿಸುವವನನ್ನು ಕಣ್ಣು ಕಟ್ಟಿ ಬಿಟ್ಟರೂ ನನ್ನ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಹಾಗಾಗಿ ಆ ಬೇಸಿಗೆಯಲ್ಲಿ ನಮ್ಮ ಹಾಡರ್ಸ್‌ಬ್ರುನ್ ಊರಿನ ಅರ್ಧ ಜನಕ್ಕೆ ವಕೀಲರ ನೋಟೀಸು ಬಂದಾಗ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತಮಾಷೆ ನೋಡಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಕ್ಷಪಾತಿ ಎನ್ನಬಾರದು. ನೋಟೀಸು ಬಂದವರ ಸಿಟ್ಟಿನಲ್ಲೂ ನನಗೆ ಪಾಲಿಲ್ಲ, ಬರಿಸಿದವನ ನಾಚಿಕೆಯಲ್ಲೂ ಪಾಲಿಲ್ಲ.

ಬರಿಸಿದವನು ಅಲ್ಫೋನ್ಸ್ ಕಾಡ್ಲೆಟ್ಸ್. ಅದು ಅಪ್ಪ ಅಮ್ಮ ಇಟ್ಟ ಹೆಸರು. ಊರಿಗೆ ಅವನು ಅಕ್ಷರದ ಫೊನ್ಸಿ. ವಿಯೆನ್ನಾದಿಂದ ಉತ್ತರಕ್ಕೆ, ದ್ರಾಕ್ಷಿತೋಟಗಳ ನಡುವೆ ಇರುವ ನಮ್ಮ ಊರಿನಲ್ಲಿ ಹಳೆಯ ಬೋರ್ಡು ಎಲ್ಲಿ ಕಂಡರೂ ಅದು ಅವನ ಕೈಯದೇ. ಬೇಕರಿ, ಅಗ್ನಿಶಾಮಕ ದಳದ ಶೆಡ್ಡು, ವೈನ್ ಇಡುವ ನೆಲಮಾಳಿಗೆಗಳ ಬಾಗಿಲು, ಕೊನೆಗೆ ಸ್ಮಶಾನದ ಕಲ್ಲುಗಳ ಮೇಲಿನ ಬಂಗಾರದ ಬಣ್ಣದ ಹೆಸರುಗಳು. ಓದು ಮುಗಿಸಿದವನೇ ಹೊಲ್ಲಬ್ರುನ್‌ನಲ್ಲಿ ಬೋರ್ಡು ಬರೆಯುವ ಒಬ್ಬನ ಹತ್ತಿರ ಕೆಲಸ ಕಲಿಯಲು ಸೇರಿದ. ಆ ಗುರು ಮೊದಲ ವರ್ಷವೆಲ್ಲ ಅವನ ಕೈಯಲ್ಲಿ ಬರೀ ಗೆರೆ ಎಳೆಸಿದನಂತೆ. ಫೊನ್ಸಿಗೆ ಅದರಿಂದ ಬೇಜಾರಾಗಲಿಲ್ಲ. ಅವನಿಗೆ ಬೇಜಾರು ಎನ್ನುವುದು ಬೇರೆಯವರಿಗಿಂತ ತಡವಾಗಿ ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ.

ಅವನ ಒಂದೇ ತೊಂದರೆ ಎಂದರೆ ಅವನಿಗೆ ಸುಳ್ಳು ಬರೆಯಲು ಬರುವುದಿಲ್ಲ. ಹೇಳಲೂ ಬರುವುದಿಲ್ಲ ಅನ್ನಿ. ಚೌಕದ ಹೋಟೆಲಿನವನು ‘ಮನೆಯಲ್ಲೇ ಮಾಡಿದ ಜಾಮ್’ ಎಂದು ಬೋರ್ಡು ಬರೆಸಲು ಕರೆದಾಗ, ಜಾಮ್ ಕುದಿಯುವುದನ್ನು ನೋಡಿದ ಮೇಲೆ ಬರೆಯುತ್ತೇನೆ ಎಂದ. ಹೋಟೆಲಿನವನು ಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ಬರೀ ‘ಜಾಮ್’ ಎಂದು ಬರೆಸಿಕೊಂಡ. ಆ ಬೋರ್ಡು ಈಗಲೂ ಇದೆ, ಒಂದೇ ಪದದ ಎಡಬಲಕ್ಕೆ ಬೇಕಾದಷ್ಟು ಖಾಲಿ ಜಾಗ. ಹೊಸ ಕೋಟು ಹಾಕಿಕೊಂಡು ಹೇಗಿದೆ ಎಂದು ಕೇಳಿದರೆ ಫೊನ್ಸಿ ನಿಜವಾಗಿಯೂ ಹಿಂದೆ ಮುಂದೆ ನೋಡಿ ಉತ್ತರ ಕೊಡುತ್ತಾನೆ. ಹಾಗಾಗಿ ಊರಿನವರು ಅವನನ್ನು ಏನಾದರೂ ಕೇಳುವ ಮೊದಲು ಒಂದು ಸಲ ಯೋಚಿಸುತ್ತಾರೆ.

ಸ್ಟಿಕ್ಕರ್ ಅಕ್ಷರ ಬಂದಮೇಲೆ ಅವನ ಕೆಲಸ ಸಣ್ಣಗಾಯಿತು. ಅದನ್ನಾದರೂ ಅವನು ತಡೆದುಕೊಳ್ಳುತ್ತಿದ್ದ, ಆದರೆ ಅದೇ ಹೊತ್ತಿಗೆ ಬಲಗೈ ನಡುಗಲು ಶುರುವಾಯಿತು. ಕಾಫಿ ಲೋಟ ಹಿಡಿಯಲು ತೊಂದರೆ ಇರಲಿಲ್ಲ, ಬ್ರಷ್ಷು ಹಿಡಿದರೆ ಮಾತ್ರ ನಡುಕ. ಉದ್ಯೋಗ ಕಚೇರಿಯವರು ಅವನನ್ನು ವೆಬ್‌ಸೈಟ್ ಮಾಡುವ ತರಬೇತಿಗೆ ಕಳಿಸಿದರು. ತರಗತಿಯಲ್ಲಿ ಉಳಿದವರೆಲ್ಲ ಅವನ ಅರ್ಧ ವಯಸ್ಸಿನವರು. ವಾರದೊಳಗೆ ಓಡಿ ಬರುತ್ತಾನೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವನು ಬಂದದ್ದು ಮುಖ ಅರಳಿಸಿಕೊಂಡು. ಪರದೆಯ ಮೇಲಿನ ಅಕ್ಷರ ನಡುಗುವುದಿಲ್ಲ ಎಂದು ಅದೇನೋ ಹೊಸದಾಗಿ ಕಂಡುಹಿಡಿದವನ ಹಾಗೆ ನನಗೆ ಹೇಳಿದ.

ಆಮೇಲೆ ಊರಿಗೆಲ್ಲ ವೆಬ್‌ಸೈಟ್ ಮಾಡಿಕೊಟ್ಟವನು ಅವನೇ. ಕ್ಷೌರದ ಗುಡ್ರುನ್‌ಗೆ, ಜೇನು ಸಾಕುವ ವೆಂಜೆಲ್‌ಗೆ, ಸೂಲಗಿತ್ತಿಗೆ, ವಾದ್ಯದವರ ತಂಡಕ್ಕೆ, ಅಗ್ನಿಶಾಮಕ ದಳಕ್ಕೆ. ದುಡ್ಡು ತೆಗೆದುಕೊಂಡದ್ದು ಕಡಿಮೆ. ಒಬ್ಬರು ಜೇನು ಕೊಟ್ಟರು, ಒಬ್ಬರು ಕೂದಲು ಕತ್ತರಿಸಿದರು. ಪುಟಗಳು ಸಾದಾ ಇದ್ದವು, ಆದರೆ ಅಕ್ಷರದ ವಿಷಯದಲ್ಲಿ ಅವನು ಯಾರ ಮಾತೂ ಕೇಳುತ್ತಿರಲಿಲ್ಲ. ವಾದ್ಯದವರಿಗೆ ಹೊಟ್ಟೆ ದಪ್ಪಗಿರುವ ಅಕ್ಷರ, ಸೂಲಗಿತ್ತಿಗೆ ಮೂಲೆಯೇ ಇಲ್ಲದ ದುಂಡನೆಯ ಅಕ್ಷರ. ಇವನ್ನೆಲ್ಲ ಅವನು ಅಮೆರಿಕದ ಒಂದು ದೊಡ್ಡ ಕಂಪನಿಯ ಉಗ್ರಾಣದಿಂದ ತರುತ್ತಿದ್ದ. ಅಲ್ಲಿ ಸಾವಿರಾರು ಬಗೆಯ ಅಕ್ಷರ ಪುಕ್ಕಟೆ. ಪುಟದಲ್ಲಿ ಒಂದು ಸಾಲು ಬರೆದರೆ ಸಾಕು, ಯಾರು ಪುಟ ತೆರೆದರೂ ಅಕ್ಷರ ಅಲ್ಲಿಂದಲೇ ಬಂದು ಕೂರುತ್ತದೆ. ದೇಶದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ತರಬೇತಿಯಲ್ಲಿ ಕಲಿಸಿದ್ದೂ ಅದನ್ನೇ.

ಅವನು ಎಲ್ಲಕ್ಕಿಂತ ಹೆಚ್ಚು ದಿನ ತೆಗೆದುಕೊಂಡದ್ದು ಹೆರ್ಮೀನೆ ಗ್ರೈಲ್‌ಳ ಪುಟಕ್ಕೆ. ಹೆರ್ಮೀನೆಯದು ಊರಾಚೆಯ ಇಳಿಜಾರಿನಲ್ಲಿ ವೈನ್ ಮನೆ. ಸ್ವಂತ ತೋಟದ ವೈನ್, ಜೊತೆಗೆ ಬ್ರೆಡ್ಡು, ತಣ್ಣನೆಯ ಮಾಂಸ, ಗಿಣ್ಣು. ಬಾಗಿಲ ಮೇಲೆ ಪೈನ್ ಕೊಂಬೆ ತೂಗುಹಾಕಿದ ವಾರಗಳಲ್ಲಿ ಮಾತ್ರ ತೆರೆದಿರುತ್ತದೆ, ಆ ವಾರಗಳು ಯಾವುವು ಎಂದು ತಿಳಿಸುವುದಕ್ಕೇ ಅವಳಿಗೆ ವೆಬ್‌ಸೈಟ್. ಅವಳಿಗಾಗಿ ಫೊನ್ಸಿ ಹುಡುಕಿ ಹುಡುಕಿ ತಂದ ಅಕ್ಷರ ನೋಡಿದರೆ ಅವನೇ ಪ್ರಾಯದಲ್ಲಿ ಬ್ರಷ್ಷಿನಿಂದ ಬರೆದ ಹಾಗಿತ್ತು. ಇದನ್ನು ನಾನು ಹೇಳಿದಾಗ ಅವನು ಕಿವಿ ಕೆಂಪು ಮಾಡಿಕೊಂಡು, ಹೌದು, ಎಂದ.

ಅವರಿಬ್ಬರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹೆರ್ಮೀನೆಯ ಗಂಡ ತೀರಿಕೊಂಡಾಗ ಬೋರ್ಡಿನ ಮೇಲಿನ ಹೆಸರು ಬದಲಾಯಿಸಬೇಕಾಯಿತು. ಫೊನ್ಸಿ ಏಣಿ ಹತ್ತಿ ಗಂಡನ ಹೆಸರನ್ನು ಮುಚ್ಚಿ ಅವಳ ಹೆಸರು ಬರೆದ. ಕೈ ಚೆನ್ನಾಗಿದ್ದ ಕಾಲದ ಅವನ ಕೊನೆಯ ಬೋರ್ಡು ಅದು. ಕೆಳಗಿಳಿದಾಗ ಅವಳು ಎರಡು ಗ್ಲಾಸು ಹಿಡಿದು ನಿಂತಿದ್ದಳು. ‘ನಾನು ಹೆರ್ಮೀನೆ’ ಎಂದಳು. ಅಲ್ಲಿಯವರೆಗೆ ಅವಳು ಅವನಿಗೆ ಗ್ರೈಲ್ ಅವರು, ಅವನು ಅವಳಿಗೆ ಕಾಡ್ಲೆಟ್ಸ್ ಅವರು. ತೋಳಿಗೆ ತೋಳು ಹೆಣೆದು ಕುಡಿದರು, ಕೆನ್ನೆಗೆ ಮುತ್ತು ಕೊಟ್ಟುಕೊಂಡರು. ಅವತ್ತಿನಿಂದ ಅವಳು ಹೆರ್ಮಿ, ಅವನು ಫೊನ್ಸಿ, ಇಬ್ಬರಿಗೂ ‘ನೀನು’.

‘ನೀನು’ ಎನ್ನುವುದು ನಮ್ಮ ಕಡೆ ಸುಮ್ಮನೆ ಬಾಯಿಗೆ ಬರುವ ಮಾತಲ್ಲ. ಹಿರಿಯರು ಕಿರಿಯರಿಗೆ, ಹೆಂಗಸು ಗಂಡಸಿಗೆ ಅದನ್ನು ಕೊಡಬೇಕು, ಕೇಳಿ ಪಡೆಯುವಂತಿಲ್ಲ. ಒಮ್ಮೆ ಕೊಟ್ಟರೆ ಮುಗಿಯಿತು, ವಾಪಸು ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ಬೇಲಿ ಜಗಳಕ್ಕೆ ಕೋರ್ಟು ಹತ್ತಿದವರೂ ಇಲ್ಲಿ ಒಬ್ಬರನ್ನೊಬ್ಬರು ‘ನೀನು’ ಎಂದೇ ಬೈದುಕೊಳ್ಳುತ್ತಾರೆ.

ಅದರ ಮುಂದಿನ ಹೆಜ್ಜೆಗೆ ಊರೆಲ್ಲ ಕಾದಿತ್ತು. ಇಬ್ಬರೂ ಇಡಲಿಲ್ಲ. ಕೊಂಬೆ ತೂಗುಹಾಕಿದ ದಿನಗಳಲ್ಲಿ ಫೊನ್ಸಿ ಅವಳ ಅಂಗಳದ ವಾಲ್‌ನಟ್ ಮರದ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದ. ‘ಬಂದ್ಯಾ ಫೊನ್ಸಿ’ ಎನ್ನುತ್ತ ಅವಳು, ಏನು ಬೇಕೆಂದು ಕೇಳದೆಯೇ, ಸೋಡಾ ಬೆರೆಸಿದ ವೈನ್ ತಂದಿಡುತ್ತಿದ್ದಳು. ಅವನ ವರ್ಷವೆಲ್ಲ ಆ ‘ಬಂದ್ಯಾ’ ಸುತ್ತಲೇ ತಿರುಗುತ್ತಿತ್ತು. ಅವನಿಗೆ ಅವಳ ಮೇಲೆ ಪ್ರೀತಿ ಇತ್ತು, ಅದನ್ನು ಅವನು ಹೇಳಿರಲಿಲ್ಲ, ಯಾಕೆಂದರೆ ಅವಳು ಕೇಳಿರಲಿಲ್ಲ.

ಮೊದಲ ನೋಟೀಸುಗಳು ಆಗಸ್ಟಿನ ಸೆಕೆಯಲ್ಲಿ ಬಂದವು. ಗುಡ್ರುನ್‌ಗೆ, ವೆಂಜೆಲ್‌ಗೆ, ವಾದ್ಯದವರಿಗೆ. ನಮಗೆ ಯಾರಿಗೂ ಪರಿಚಯವಿಲ್ಲದ ವಕೀಲರೊಬ್ಬರು, ಅದಕ್ಕಿಂತಲೂ ಪರಿಚಯವಿಲ್ಲದ ತಮ್ಮ ಕಕ್ಷಿದಾರರ ಪರವಾಗಿ ಬರೆದಿದ್ದರು. ಕಕ್ಷಿದಾರರು ನಿಮ್ಮ ಪುಟ ತೆರೆದರು. ತೆರೆದ ಕೂಡಲೇ ನಿಮ್ಮ ಪುಟ ಅಮೆರಿಕಕ್ಕೆ ಹೋಗಿ ಅಕ್ಷರ ತಂದಿತು. ತರುವಾಗ ಕಕ್ಷಿದಾರರ ಕಂಪ್ಯೂಟರಿನ ವಿಳಾಸವನ್ನು ಅವರನ್ನು ಕೇಳದೆ ಅಲ್ಲಿ ಕೊಟ್ಟುಬಂದಿತು. ಇದು ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನಿಗೆ ವಿರುದ್ಧ, ಇದರಿಂದ ಅವರ ಮನಸ್ಸಿನ ನೆಮ್ಮದಿ ಹಾಳಾಗಿದೆ, ಆದ್ದರಿಂದ ಪರಿಹಾರ ಕೊಡಿ. ಜೊತೆಗೆ, ಅವರ ಬಗ್ಗೆ ನಿಮ್ಮ ಬಳಿ ಏನೇನು ಮಾಹಿತಿ ಇದೆ ಎಂದು ಒಂದು ತಿಂಗಳೊಳಗೆ ತಿಳಿಸಿ.

ವೆಂಜೆಲ್ ಅದನ್ನು ನನ್ನ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ತನ್ನ ಜೇನುಹುಳಗಳು ಇಷ್ಟು ವರ್ಷ ಅಷ್ಟೊಂದು ಜನರನ್ನು ಕಚ್ಚಿವೆ, ಒಬ್ಬರೂ ನೆಮ್ಮದಿ ಹಾಳಾಯಿತೆಂದು ದುಡ್ಡು ಕೇಳಿಲ್ಲ, ಈಗ ಅಕ್ಷರ ಕಚ್ಚಿತಂತೆ ಎಂದ. ಗುಡ್ರುನ್ ಮಾತ್ರ ನಗಲಿಲ್ಲ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಎಂದಳು. ವಕೀಲರ ಕಾಗದ ಬಂದ ಮನೆಯಲ್ಲಿ ನಗು ಬರುವುದು ಕಷ್ಟ, ಅದು ಸುಳ್ಳೋ ನಿಜವೋ ಆಮೇಲಿನ ಮಾತು.

ವ್ಯಾಪಾರಿಗಳ ಸಂಘಕ್ಕೆ ಫೋನು ಮಾಡಿದರೆ ಲೈನೇ ಸಿಗುತ್ತಿರಲಿಲ್ಲ. ದೇಶದ ಉದ್ದಗಲಕ್ಕೆ ಇದೇ ಕಾಗದ ಹೋಗಿತ್ತು, ದಂತವೈದ್ಯರಿಗೆ, ಬಡಗಿಗಳಿಗೆ, ಯೋಗ ಕಲಿಸುವವರಿಗೆ. ಇಷ್ಟೊಂದು ಪುಟಗಳನ್ನು ಒಬ್ಬ ಮನುಷ್ಯ ಕೂತು ತೆರೆದಿರಲಾರ, ಯಂತ್ರಕ್ಕೆ ಹಚ್ಚಿರಬೇಕು ಎಂದು ಪತ್ರಿಕೆಗಳು ಅನುಮಾನಿಸಿದವು. ಕೊನೆಗೆ ಸಂಘದವರು ತಿಳಿಸಿದ್ದು ಇಷ್ಟು: ಹೆದರಬೇಡಿ, ಕೇಳಿದ ತಕ್ಷಣ ದುಡ್ಡು ಕಟ್ಟಬೇಡಿ, ಪುಟವನ್ನು ಸರಿಮಾಡಿಸಿ, ಮಾಹಿತಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಎಲ್ಲಕ್ಕಿಂತ ಮುಖ್ಯ, ಬರವಣಿಗೆಯಲ್ಲಿ ಯಾವ ತಪ್ಪನ್ನೂ ಒಪ್ಪಿಕೊಳ್ಳಬೇಡಿ.

ಫೊನ್ಸಿ ಪುಟಗಳನ್ನೆಲ್ಲ ಎರಡು ಮೂರು ದಿನದಲ್ಲಿ ಸರಿಮಾಡಿದ. ಅಕ್ಷರಗಳನ್ನು ಅಮೆರಿಕದಿಂದ ಇಳಿಸಿ ಆಯಾ ಪುಟದ ಜೊತೆಗೇ ಇಟ್ಟ, ಇನ್ನು ಮೇಲೆ ಯಾರೂ ಎಲ್ಲಿಗೂ ಹೋಗಿ ತರಬೇಕಿಲ್ಲ. ನೋಡುವವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತಾನು ಮಾಡಿದ ತಪ್ಪಿಗೆ ಗುಡ್ರುನ್ ನಿದ್ದೆಗೆಡುವುದನ್ನು ಅವನಿಗೆ ಸಹಿಸಲಾಗಲಿಲ್ಲ. ನಮ್ಮ ಊರಿನಲ್ಲಿ ಒಬ್ಬನ ಟ್ರಾಕ್ಟರು ಇನ್ನೊಬ್ಬನ ಬಳ್ಳಿ ಕಿತ್ತರೆ, ಕಿತ್ತವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಆ ಮನೆಗೆ ಹೋಗಿ ‘ನಾನೇ ಮಾಡಿದ್ದು’ ಎನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಫೊನ್ಸಿ ವಕೀಲರ ಮುಂದೆ ಟೋಪಿ ತೆಗೆದ.

ಯಾರಿಗೂ ಹೇಳದೆ ಅವನು ಆ ವಕೀಲರಿಗೆ ಒಂದು ಕಾಗದ ಬರೆದ. ನಿಮ್ಮ ಕಕ್ಷಿದಾರರ ಮನಸ್ಸಿಗೆ ನೋವಾದದ್ದಕ್ಕೆ ಕ್ಷಮೆ ಕೇಳುತ್ತೇನೆ. ಈ ಊರಿನ ಜನಕ್ಕೆ ಅಕ್ಷರ ಎಲ್ಲಿಂದ ಬರುತ್ತದೆ ಎಂಬುದೇ ಗೊತ್ತಿಲ್ಲ, ಪುಟ ಮಾಡಿದವನು ನಾನು, ಅವರನ್ನು ಬಿಟ್ಟುಬಿಡಿ. ಮಾತು ಪೂರ್ತಿ ಇರಲಿ ಎಂದು, ತಾನು ಮಾಡಿದ ಪುಟಗಳನ್ನೆಲ್ಲ ಹೆಸರಿಸಿ, ಎಲ್ಲದರಲ್ಲೂ ಇದೇ ತಪ್ಪಿತ್ತು ಎಂದು ಸೇರಿಸಿದ. ನೋಟೀಸು ಬಂದವರ ಹೆಸರು ಮಾತ್ರ ಬರೆದರೆ ಅರ್ಧ ಸತ್ಯವಾಗುತ್ತದಲ್ಲ ಎಂದು ಆಮೇಲೆ ನನಗೆ ವಿವರಿಸಿದ. ನನಗೆ ಅವನ ತಲೆ ಮೇಲೆ ಪತ್ರಿಕೆಯ ಕಟ್ಟಿನಿಂದ ಕುಟ್ಟಬೇಕು ಅನ್ನಿಸಿತು.

ಉತ್ತರ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಸೂಲಗಿತ್ತಿಗೆ, ಅಗ್ನಿಶಾಮಕ ದಳಕ್ಕೆ, ಹೆರ್ಮೀನೆಗೆ, ಅಲ್ಲಿಯವರೆಗೆ ತಪ್ಪಿಸಿಕೊಂಡಿದ್ದ ಎಲ್ಲರಿಗೂ ಹೊಸ ನೋಟೀಸು ಬಂತು. ಅದರಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ‘ನಿಮ್ಮ ಪುಟ ತಯಾರಿಸಿದ ಶ್ರೀ ಕಾಡ್ಲೆಟ್ಸ್ ಅವರು ಬರವಣಿಗೆಯಲ್ಲಿ ಒಪ್ಪಿಕೊಂಡಿರುವಂತೆ.’ ಊರು ಕೆಂಡವಾಯಿತು. ಅಗ್ನಿಶಾಮಕ ದಳದವರು ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಫೊನ್ಸಿ ಮನೆಮನೆಗೆ ಹೋಗಿ ಎಲ್ಲರ ಬೈಗುಳವನ್ನೂ ಪೂರ್ತಿ ಕೇಳಿಸಿಕೊಂಡು ಬಂದ. ಹೆರ್ಮೀನೆಯ ಮನೆಗೂ ಹೋದ, ಅವಳು ಬಾಗಿಲು ತೆರೆಯಲಿಲ್ಲ.

ಅವಳ ಸಿಟ್ಟಿಗೆ ಬೇರೆ ಬೇರು ಇತ್ತು. ಗಂಡ ಸತ್ತ ವರ್ಷ ಅವನ ಅಣ್ಣ ಆಸ್ತಿ ಭಾಗಕ್ಕೆ ವಕೀಲರ ಮೂಲಕ ಕಾಗದದ ಮೇಲೆ ಕಾಗದ ಕಳಿಸಿದ್ದ. ಕೊನೆಗೆ ಬಿಸಿಲು ಚೆನ್ನಾಗಿ ಬೀಳುವ ಮೇಲಿನ ತೋಟ ಅವಳ ಕೈತಪ್ಪಿತು. ಆವಾಗಿನಿಂದ ವಕೀಲರ ಲಕೋಟೆ ಬಂದರೆ ಅವಳು ಅದನ್ನು ಎರಡು ದಿನ ಒಡೆಯುವುದೇ ಇಲ್ಲ. ಆ ದಿನಗಳಲ್ಲಿ ಅವಳ ಜೊತೆ ನಿಂತವನು ಫೊನ್ಸಿ ಒಬ್ಬನೇ. ಈಗ ಅಂಥದ್ದೇ ಲಕೋಟೆಯನ್ನು ಅವಳ ಮನೆ ಬಾಗಿಲಿಗೆ ಕರೆಸಿದವನೂ ಅವನೇ.

ಮುಂದಿನ ಸಲ ಕೊಂಬೆ ತೂಗುಹಾಕಿದ ದಿನ ನಾನೂ ವೆಂಜೆಲೂ ಅಲ್ಲೇ ಇದ್ದೆವು. ಫೊನ್ಸಿ ಬಂದು ತನ್ನ ಬೆಂಚಿನಲ್ಲಿ ಕೂತ. ಹೆರ್ಮೀನೆ ಕೈ ಒರೆಸಿಕೊಳ್ಳುತ್ತ ಅವನ ಮುಂದೆ ಬಂದು ನಿಂತಳು.

“ನಮಸ್ಕಾರ ಕಾಡ್ಲೆಟ್ಸ್ ಅವರೇ. ನಿಮಗೇನು ತರ್ಲಿ?”

ಪಕ್ಕದ ಮೇಜಿನ ಮಾತು ನಿಂತುಹೋಯಿತು. ಫೊನ್ಸಿ ಎದ್ದು ನಿಂತ. ಒಂದು ಕ್ಷಣ ಅವನು ತನ್ನ ಹಿಂದೆ ಬೇರೆ ಯಾರೋ ಕಾಡ್ಲೆಟ್ಸ್ ನಿಂತಿದ್ದಾರೇನೋ ಎನ್ನುವ ಹಾಗೆ ನೋಡಿದ.

“ಸೋಡಾ ಹಾಕಿದ ವೈನ್,” ಎಂದ. ಸ್ವಲ್ಪ ಹೊತ್ತಾದ ಮೇಲೆ, “ನಿಮಗೆ ತೊಂದ್ರೆ ಇಲ್ದಿದ್ರೆ, ಗ್ರೈಲ್ ಅವರೇ.”

ಅವಳು ತಂದಿಟ್ಟಳು. ಗ್ಲಾಸಿನ ಕೆಳಗೆ ಕಾಗದದ ಕರವಸ್ತ್ರ ಬೇರೆ, ಊರಿಗೆ ಹೊಸಬರಿಗೆ ಮಾತ್ರ ಇಡುವಂಥದ್ದು. ಅವನು ಅರ್ಧ ಕುಡಿದು ಲೆಕ್ಕ ಕೊಟ್ಟು ಎದ್ದುಹೋದ. ಬೈದಿದ್ದರೆ ಇವತ್ತಿಗೇ ಮುಗಿಯುತ್ತಿತ್ತು ಎಂದು ವೆಂಜೆಲ್ ನನ್ನ ಕಿವಿಯಲ್ಲಿ ಹೇಳಿದ. ಅವನು ಹೇಳಿದ್ದು ಸರಿ. ನನಗೆ ಆ ಹೊತ್ತು ಹೆರ್ಮೀನೆಯ ಮೇಲೆ ವಿಪರೀತ ಕೋಪ ಬಂತು.

ಎರಡು ವಾರದಲ್ಲಿ ಉಳಿದವರ ಸಿಟ್ಟು ಇಳಿಯಿತು. ದುಡ್ಡು ಕೇಳಿ ಮತ್ತೆ ಕಾಗದ ಬರಲಿಲ್ಲ. ವೆಂಜೆಲ್ ಒಂದು ಬಾಟಲಿ ಜೇನು ಕೊಟ್ಟ, ಮೇಲೆ ‘ಇದು ನನ್ನದೇ, ಅಮೆರಿಕದ್ದಲ್ಲ’ ಎಂದು ಚೀಟಿ ಅಂಟಿಸಿದ್ದ. ಗುಡ್ರುನ್ ಕೂದಲು ಕತ್ತರಿಸುವಾಗ ಕಿವಿಯ ಹತ್ತಿರ ಕತ್ತರಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆಡಿಸಿದಳಂತೆ, ಅಷ್ಟಕ್ಕೆ ಸಮಾಧಾನವಾಯಿತು. ಹೆರ್ಮೀನೆ ಮಾತ್ರ ‘ನೀವು’ ಬಿಡಲಿಲ್ಲ. ಫೊನ್ಸಿಯೂ ಹೋಗುವುದನ್ನು ಬಿಡಲಿಲ್ಲ. ಪ್ರತಿಸಲ ಕಾಗದದ ಕರವಸ್ತ್ರ, ಪ್ರತಿಸಲ ಕಾಡ್ಲೆಟ್ಸ್ ಅವರೇ. ಅವನು ಇಳಿದುಹೋಗಿದ್ದ. ಅಂಗಡಿಗೆ ಬಂದವನು ತನಗೇನು ಬೇಕಿತ್ತು ಎಂದು ಮರೆತು ನಿಲ್ಲುತ್ತಿದ್ದ.

“ನೀನೇ ಕೇಳಿಬಿಡೋ,” ಎಂದೆ ನಾನು.

“ಕೇಳೋ ಹಂಗಿಲ್ವಲ್ಲ ಟ್ರೌಡಿ. ಕೊಟ್ಟೋಳು ಅವಳು,” ಎಂದ.

ಹೆರ್ಮೀನೆ ಪತ್ರಿಕೆಗೆ ಬಂದಾಗ ಅವಳಿಗೂ ಹೇಳಿ ನೋಡಿದೆ. ಆ ಪೆದ್ದ ನಿನಗೆ ಕೇಡು ಬಯಸಿದವನೇ? ಸತ್ಯ ಹೇಳಿ ಕೆಟ್ಟವನು, ಎಂದೆ. ಅವಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದಳು.

“ಸುಳ್ಳು ಹೇಳಿ ಮೋಸ ಮಾಡಿದ್ರೆ ಬಯ್ದು ಮನಸ್ಸು ಹಗುರ ಮಾಡ್ಕೋಬಹುದಿತ್ತು,” ಎಂದಳು. “ಸತ್ಯ ಹೇಳಿ ಹಿಡಿದುಕೊಟ್ಟೋನಿಗೆ ಏನಂತ ಬಯ್ಲಿ? ನಾನು ಅವನಿಗೆ ಏನೇನು ಹೇಳ್ಕೊಂಡಿದೀನಿ ಅಂತ ನಿನಗೇನು ಗೊತ್ತು. ನಾಳೆ ಯಾರೋ ಕೇಳಿದ್ರೆ ಅದನ್ನೂ ಪಟ್ಟಿ ಮಾಡಿ ಕೊಟ್ಟುಬಿಡ್ತಾನೆ.”

ಆಗ ನನಗೆ ಅರ್ಥವಾಯಿತು. ಅವಳಿಗೆ ನೋಟೀಸಿನ ಭಯ ಹೋಗಿ ಬಹಳ ದಿನವಾಗಿತ್ತು. ಉಳಿದದ್ದು ಫೊನ್ಸಿಯ ಭಯ. ಯಾರು ಕೇಳಿದರೂ ನಿಜ ಹೇಳುವವನ ಹತ್ತಿರ ಮನಸ್ಸು ಬಿಚ್ಚಿದ್ದೇನೆ ಎನ್ನುವುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅದೂ ನಿಜ, ಅವಳು ಹೇಳಿದ ಹಾಗೆ ಅವನು ಮಾಡಿಯೇ ಬಿಡುವಂಥವನು.

ಇಷ್ಟರಲ್ಲಿ ಕಕ್ಷಿದಾರರ ಪ್ರಶ್ನೆಗೆ ಅವಳು ಉತ್ತರ ಕೊಡಬೇಕಾದ ಗಡುವು ಹತ್ತಿರ ಬಂತು. ಎಲ್ಲರಿಗೂ ಆ ಉತ್ತರ ಬರೆದುಕೊಟ್ಟವನು ಫೊನ್ಸಿ, ಈ ಸಲ ಸಂಘದವರಿಗೆ ತೋರಿಸಿಯೇ ಬರೆದಿದ್ದ. ಹೆರ್ಮೀನೆಯದನ್ನು ನನ್ನ ಅಂಗಡಿಯಲ್ಲಿ ಕೊಟ್ಟುಹೋದ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ‘ನಿಮ್ಮ ಬಗ್ಗೆ ನಮ್ಮಲ್ಲಿ ಯಾವ ಮಾಹಿತಿಯೂ ಇಲ್ಲ. ನೀವು ಯಾರೆಂದು ನಮಗೆ ಗೊತ್ತಿಲ್ಲ.’ ಓದಿ ಸಹಿ ಹಾಕಿದಳು. ಲಕೋಟೆ ಅಂಟಿಸುವಾಗ ಕೈ ನಿಂತಿತು.

“ಹಿಂಗೆ ಯಾರು ಯಾರನ್ನ ಬೇಕಾದ್ರೂ ಕೇಳಬಹುದಾ? ನನ್ನ ಬಗ್ಗೆ ನಿನ್ನ ಹತ್ರ ಏನಿದೆ ಅಂತ?”

ಕೇಳಬಹುದು, ಕೇಳಿದರೆ ಹೇಳಲೇಬೇಕು ಎಂದು ಪತ್ರಿಕೆಯಲ್ಲಿ ಬರೆದಿದ್ದಾರೆ ಎಂದೆ. ಅವಳು ಲಕೋಟೆ ಅಂಟಿಸಿ ಹೋದಳು.

ಸೆಪ್ಟೆಂಬರ್ ಕೊನೆ. ಕೊಯ್ಲು ಅರ್ಧ ಮುಗಿದಿತ್ತು, ಇನ್ನೂ ಹುಳಿಯುತ್ತಿರುವ ಹೊಸ ವೈನ್ ಬಂದಿತ್ತು. ಅದನ್ನು ಕುಡಿಯುವುದಕ್ಕೆಂದೇ ವಿಯೆನ್ನಾದಿಂದ ಸೈಕಲ್ಲಿನವರು ಬರುತ್ತಾರೆ, ಸಂಜೆಯ ಬಿಸಿಲಿನಲ್ಲಿ ಹೆರ್ಮೀನೆಯ ಅಂಗಳ ತುಂಬಿಹೋಗಿತ್ತು. ಫೊನ್ಸಿ ತನ್ನ ಬೆಂಚಿನಲ್ಲಿದ್ದ. ಅವಳು ಬರಿಗೈಯಲ್ಲಿ ಬಂದು ಅವನ ಮುಂದೆ ನಿಂತಳು. ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

“ಕಾಡ್ಲೆಟ್ಸ್ ಅವರೇ, ಕಾನೂನು ಪ್ರಕಾರ ಕೇಳ್ತಿದೀನಿ. ನನ್ನ ಬಗ್ಗೆ ನಿಮ್ಮ ಹತ್ರ ಏನೇನು ಮಾಹಿತಿ ಇದೆ?”

ಆ ಕಾನೂನು ವ್ಯವಹಾರದವರಿಗೆ, ಸ್ನೇಹಿತರಿಗಲ್ಲ ಎಂದು ವೆಂಜೆಲ್ ಶುರುಮಾಡಿದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಚುಚ್ಚುವುದಕ್ಕೆಂದೇ ಅವಳು ಕೇಳಿದ್ದು, ಅದು ಎಲ್ಲರಿಗೂ ಗೊತ್ತಾಯಿತು, ಫೊನ್ಸಿಯೊಬ್ಬನನ್ನು ಬಿಟ್ಟು. ಅವನು ಎದ್ದು ನಿಂತು ಯೋಚಿಸಿದ.

“ಒಂದು ತಿಂಗಳು ಟೈಮಿರುತ್ತೆ,” ಎಂದ.

“ನನಗೆ ಈಗಲೇ ಬೇಕು.”

“ಹುಟ್ಟಿದ ದಿನ,” ಎಂದು ಅವನು ಆರಂಭಿಸಿದ. “ನಿಜವಾದ್ದು. ನೀವು ಹೇಳೋದಕ್ಕಿಂತ ಒಂದು ವರ್ಷ ಹಿಂದಿನದು.”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಹೆರ್ಮೀನೆ ಕದಲಲಿಲ್ಲ, ಮುಂದೆ ಹೇಳಿ ಎಂದಳು.

“ನಿಮಗೆ ಎಡಗಿವಿ ಸರಿಯಾಗಿ ಕೇಳಿಸಲ್ಲ. ಅದಕ್ಕೆ ಯಾವಾಗ್ಲೂ ಜನರ ಎಡಗಡೆ ಬಂದು ನಿಲ್ತೀರಿ. ಸಿಟ್ಟು ಬಂದಾಗ ಕಡುಬಿಗೆ ಎರಡು ಸಲ ಉಪ್ಪು ಹಾಕ್ತೀರಿ. ಸೈಕಲ್ಲಿನೋರಿಗೆ ಹಿಂದಿನ ವರ್ಷದ ಪೀಪಾಯಿಂದ ಕೊಡ್ತೀರಿ, ನಮಗೆ ಈ ವರ್ಷದ್ದು.”

ಈಗ ಅಂಗಳವೆಲ್ಲ ನಕ್ಕಿತು, ಸೈಕಲ್ಲಿನವರು ತಮ್ಮ ಗ್ಲಾಸು ನೋಡಿಕೊಂಡರು. ಹೆರ್ಮೀನೆಯ ಕತ್ತು ಕೆಂಪಾಗಿತ್ತು.

“ಇದನ್ನ ಯಾರಿಗಾದ್ರೂ ಕೊಟ್ಟಿದೀರಾ?”

“ಇಲ್ಲ. ಯಾರೂ ಕೇಳಿಲ್ಲ. ಈಗ ನೀವು ಕೇಳಿದ್ದಕ್ಕೆ ಹೇಳ್ತಿದೀನಿ.”

“ಹಂಗಾದ್ರೆ ಎಲ್ಲಾ ಅಳಿಸಿಹಾಕಿ. ಅದಕ್ಕೂ ಕಾನೂನಿದೆ.”

ಫೊನ್ಸಿಗೆ ಇದು ತಮಾಷೆಯಾಗಿರಲಿಲ್ಲ, ಚುಚ್ಚುಮಾತೂ ಆಗಿರಲಿಲ್ಲ. ಅವಳು ಕೇಳಿದ್ದನ್ನು ಮಾಡಲು ಸಾಧ್ಯವೇ ಎಂದು ಅವನು ನಿಜವಾಗಿಯೂ ಒಳಗೆ ಹುಡುಕುತ್ತಿದ್ದ. ಅವನ ಬಲಗೈ ನಡುಗುತ್ತಿತ್ತು, ಅದರಲ್ಲಿ ಬ್ರಷ್ಷು ಇರಲಿಲ್ಲ.

“ಅದು ನನ್ನಿಂದ ಆಗಲ್ಲ,” ಎಂದ. “ಉಳಿದದ್ದು ಬೇಕಾದ್ರೆ ಮರೀಬಹುದು. ಆದ್ರೆ ಮೇಲಿನ ತೋಟ ಹೋಯ್ತು ಅಂತ ಕಾಗದ ಬಂದ ದಿನ, ನೆಲಮಾಳಿಗೇಲಿ ಪೀಪಾಯಿ ಹಿಂದೆ ನಿಂತ್ಕೊಂಡು ನೀವು ನನಗೆ ಹೇಳಿದ್ರಲ್ಲ, ನಾನು ಇನ್ನು ಮೇಲೆ—”

“ಸುಮ್ನಿರೋ ಫೊನ್ಸಿ!”

ಅಂಗಳ ಗಕ್ಕನೆ ನಿಂತಿತು. ತನ್ನ ಬಾಯಿಂದ ಏನು ಬಂತು ಎಂದು ಅವಳಿಗೆ ಗೊತ್ತಾಗಲು ನಮಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಅವನು ಬಾಯಿ ಮುಚ್ಚಿ, ಕಣ್ಣು ಅಗಲ ಮಾಡಿಕೊಂಡು ನಿಂತಿದ್ದ. ತಮಾಷೆ ನೋಡಲು ಬಂದವಳು ನಾನು, ಆದರೂ ವೆಂಜೆಲ್‌ನ ತೋಳು ಹಿಡಿದುಕೊಂಡಿದ್ದೆ.

“ಕೂತ್ಕೋ,” ಎಂದಳು ಹೆರ್ಮೀನೆ ಕೊನೆಗೆ. “ಎಷ್ಟು ಹೊತ್ತು ಅಂತ ನಿಂತಿರ್ತೀಯ. ತರ್ತೀನಿ.”

ಅವನು ಕೂತ. ಅವಳು ಒಳಗೆ ಹೋಗಿ ಗ್ಲಾಸು ತಂದಿಟ್ಟಳು, ಕೆಳಗೆ ಕರವಸ್ತ್ರ ಇರಲಿಲ್ಲ. ಆಮೇಲೆ ಸೈಕಲ್ಲಿನವರ ಮೇಜಿಗೂ ಈ ವರ್ಷದ್ದೇ ಒಂದು ಜಗ್ ತಂದಿಟ್ಟು, ಯಾರ ಮುಖವನ್ನೂ ನೋಡದೆ ಅಡಿಗೆಮನೆಗೆ ಹೋದಳು.

ಮರುದಿನ ಬೆಳಗ್ಗೆ ಫೊನ್ಸಿ ನನ್ನ ಅಂಗಡಿಗೆ ಬಂದ. ತನಗೇನು ಬೇಕು ಎಂದು ಈ ಸಲ ಮರೆತಿರಲಿಲ್ಲ. ನಾನು ಚಿಲ್ಲರೆ ಕೊಡುತ್ತ, ರಾತ್ರಿಯೆಲ್ಲ ತಲೆ ತಿಂದಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟೆ. ಆವತ್ತು ಪೀಪಾಯಿ ಹಿಂದೆ ಹೆರ್ಮೀನೆ ನಿನಗೆ ಏನು ಹೇಳಿದ್ದಳು? ಅವನು ಯಾರು ಕೇಳಿದರೂ ನಿಜ ಹೇಳುವವನು, ನನಗೆ ಉತ್ತರ ಸಿಗುವುದು ಖಂಡಿತ ಎಂದುಕೊಂಡಿದ್ದೆ.

ಅವನು ಚಿಲ್ಲರೆ ಜೇಬಿಗೆ ಹಾಕಿಕೊಂಡ.

“ಏನೂ ಹೇಳಿರ್ಲಿಲ್ಲ,” ಎಂದ. ಅವನ ಕಿವಿ ಕೆಂಪಾಗಿತ್ತು. ಅವನ ಜೀವಮಾನದಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು.